ಕಳೆದ ಮೇಲೆ ಉಳಿದದ್ದು

ಅಮೆರಿಕದ ಲೈಗೋ ವೀಕ್ಷಣಾಲಯಗಳು ದಾಖಲಿಸಿದ ಗುರುತ್ವ ಅಲೆಗಳ, ಅಂದರೆ ಭಾರೀ ಕಾಯಗಳ ಚಲನೆಯಿಂದ ದೇಶಕಾಲದಲ್ಲಿ ಏಳುವ ಕಂಪನಗಳ, ದತ್ತಾಂಶ ಯಾರಿಗೆ ಬೇಕಾದರೂ ಉಚಿತವಾಗಿ ಸಿಗುತ್ತದೆ. ಬೇಸಿಗೆ ರಜೆಯ ಒಂದು ಮಧ್ಯಾಹ್ನ, 2015ರ ಸೆಪ್ಟೆಂಬರ್ 14ರ ಆ ಮೊದಲ ಸಂಕೇತವನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಕುಳಿತೆ. ಕಡತದಲ್ಲಿ 32 ಸೆಕೆಂಡುಗಳ ಅಳತೆಯಿತ್ತು. ನನಗೆ ಬೇಕಾದದ್ದು ಅದರೊಳಗಿನ 0.2 ಸೆಕೆಂಡು.

ಮೊದಲ ನಕ್ಷೆಯ ತುಂಬ ಗದ್ದಲ. 35ರಿಂದ 350 ಹರ್ಟ್ಸ್ ನಡುವಿನ ಕಂಪನಗಳನ್ನಷ್ಟೇ ಉಳಿಸಿಕೊಂಡು, ಉಪಕರಣದ ಸದ್ದನ್ನು ಸಮಮಾಡಿದಾಗ ಅಲೆ ಎದ್ದು ಬಂತು. ಸೂರ್ಯನ ಸುಮಾರು 36 ಪಟ್ಟು ಮತ್ತು 29 ಪಟ್ಟು ದ್ರವ್ಯರಾಶಿಯ ಎರಡು ಕಪ್ಪುಕುಳಿಗಳು ಒಂದನ್ನೊಂದು ಸುತ್ತಿ ಸುತ್ತಿ ಒಂದಾದ ಗುರುತು ಅದು. ಲೈಗೋದ ಎರಡು ವೀಕ್ಷಣಾಲಯಗಳಲ್ಲಿ ಲಿವಿಂಗ್‌ಸ್ಟನ್ನಿಗೆ ಮೊದಲು ಮುಟ್ಟಿ, ಸುಮಾರು 7 ಮಿಲಿಸೆಕೆಂಡು ತಡೆದು ಹ್ಯಾನ್‌ಫರ್ಡಿಗೆ ತಲುಪಿತ್ತು. ಮೈ ಜುಮ್ಮೆಂದಿತು.

ಆದರೆ ನಾನು ಕುಳಿತದ್ದು ಕಳೆಯುವ ಲೆಕ್ಕಕ್ಕೆ. ಐನ್‌ಸ್ಟೈನರ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತ ಹೇಳುವ ಅಲೆಯನ್ನು ದತ್ತಾಂಶದ ಮೇಲೆ ಹೊಂದಿಸಿ ಕಳೆದರೆ ಏನು ಉಳಿಯುತ್ತದೆ? ಕೆಲವು ಪರ್ಯಾಯ ಸಿದ್ಧಾಂತಗಳ ಪ್ರಕಾರ ಜೋಡಿ ಕಾಯಗಳು ಇನ್ನೊಂದು ಬಗೆಯ ವಿಕಿರಣದಿಂದಲೂ ಶಕ್ತಿ ಕಳೆದುಕೊಳ್ಳುತ್ತವೆ. ಹಾಗಾದರೆ ಕಕ್ಷೆ ಬೇಗ ಕುಗ್ಗಬೇಕು, ಅಲೆಯ ಏರಿಳಿತಗಳು ಲೆಕ್ಕಕ್ಕಿಂತ ಮುಂದೋಡಬೇಕು, ಕಳೆದ ಜಾಗದಲ್ಲಿ ಆ ಓಟದ ಗೆರೆ ಉಳಿಯಬೇಕು. ನನ್ನ ತೆರೆಯ ಮೇಲೆ ಉಳಿದದ್ದು ಕಡತದ ಬೇರೆಡೆ ಇದ್ದಂಥದ್ದೇ ಗದ್ದಲ. ನನ್ನದು ಒರಟು ಲೆಕ್ಕ. ವಿಜ್ಞಾನಿಗಳು ಇದನ್ನು ಕಟ್ಟುನಿಟ್ಟಾಗಿ ಮಾಡಿ, ಈ ಸಂಕೇತದಲ್ಲಿ ಸಿದ್ಧಾಂತದಿಂದ ವಿಚಲನೆ ಇದ್ದರೂ ಅದು ಶೇಕಡಾ 4ನ್ನು ಮೀರದು ಎಂದು 2016ರಲ್ಲಿ ಪ್ರಕಟಿಸಿದ್ದರು.

ಪಕ್ಕದಲ್ಲಿದ್ದ ಮಗಳು, "ಏನೂ ಉಳಿಯಲಿಲ್ಲವಲ್ಲ ಅಪ್ಪಾ, ಬೇಸರವಾಗಲಿಲ್ಲವೇ?" ಎಂದಳು. ಖಂಡಿತ ಇಲ್ಲ. ನೂರು ವರ್ಷ ಹಿಂದೆ ಕಾಗದದ ಮೇಲೆ ಬರೆದ ಸಮೀಕರಣಗಳು ತಪ್ಪಾಗಲು ಇಷ್ಟು ಒಳ್ಳೆಯ ಅವಕಾಶ ಸಿಕ್ಕಿಯೂ ತಪ್ಪಾಗಿರಲಿಲ್ಲ.

ಅಲೆಯ ಕೊನೆಯ ತುದಿಯನ್ನು ದೊಡ್ಡದು ಮಾಡಿ ಅವಳಿಗೆ ತೋರಿಸಿದೆ. ಬಾರಿಸಿದ ಗಂಟೆಯಂತೆ, ಹೊಸದಾಗಿ ಹುಟ್ಟಿದ ಕಪ್ಪುಕುಳಿ ಕ್ಷಣಮಾತ್ರ ಅನುರಣಿಸಿ ಸುಮ್ಮನಾಗುತ್ತದೆ. ಕಪ್ಪುಕುಳಿಗೆ ಹೀಗೊಂದು ಸ್ವರವಿದೆ ಎಂದು 1970ರಲ್ಲೇ ಲೆಕ್ಕ ಹಾಕಿ ತೋರಿಸಿದವರು ನಮ್ಮ ಬೆಂಗಳೂರಿನ ಸಿ. ವಿ. ವಿಶ್ವೇಶ್ವರ, ಮುಂದೆ ಜವಾಹರಲಾಲ್ ನೆಹರು ತಾರಾಲಯವನ್ನು ಕಟ್ಟಿ ಬೆಳೆಸಿದವರು. ಸ್ವರದ ಎತ್ತರ, ಅದು ಅಡಗುವ ವೇಗ ಎರಡನ್ನೂ ದ್ರವ್ಯರಾಶಿ ಮತ್ತು ಗಿರಕಿಯೇ ನಿರ್ಧರಿಸುತ್ತವೆ. ಹಾಗಾಗಿ ಐನ್‌ಸ್ಟೈನರಿಗೆ ಇದು ಇನ್ನೊಂದು ಕಠಿಣ ಪರೀಕ್ಷೆ. 2025ರ ಜನವರಿ 14ರಂದು ಸಿಕ್ಕ ಸಂಕೇತ ಮೊದಲನೆಯದಕ್ಕಿಂತ ಸುಮಾರು ಮೂರು ಪಟ್ಟು ಸ್ಪಷ್ಟ. ಅದರಲ್ಲಿ ಇಂಥ ಎರಡು ಸ್ವರಗಳನ್ನು ಬೇರ್ಪಡಿಸಿ ನೋಡಿದ್ದಾರೆ, ಎರಡೂ ಸಿದ್ಧಾಂತಕ್ಕೆ ಹೊಂದಿವೆ. ಆ ಕಡತವನ್ನು ಬಿಡಿಸುವುದು ನಮ್ಮಿಬ್ಬರ ಮುಂದಿನ ಕೆಲಸ.