ಗತ್ತು ಬರಂಗ ಮಾಡ್ರಿ

ಗಂಗಾವತಿ
12 ಜನವರಿ 2025, ಭಾನುವಾರ

ನಾಟಿ ಕೆಲಸದ ದಿನಗಳಲ್ಲಿ ಸ್ಟುಡಿಯೋಕ್ಕೆ ಗಿರಾಕಿ ಕಡಿಮೆ. ಬಂದರೆ ಬಯೋಡಾಟಾ ಫೋಟೋದವರು. ಹುಡುಗಿಯದಾದರೆ ಬೇಡಿಕೆ ಒಂದೇ: "ಸ್ವಲ್ಪ ಬೆಳ್ಳಗ ಮಾಡ್ರಿ." ಹುಡುಗರದ್ದಕ್ಕೆ ಈಚೆಗೆ ಬೇರೆ ಶುರುವಾಗಿದೆ: "ಗತ್ತು ಬರಂಗ ಮಾಡ್ರಿ." ಫೋಟೋಶಾಪಿನಲ್ಲಿ ಗತ್ತು ಅಂದರೆ ಮೀಸೆಯ ತುದಿ ತುಸು ಮೇಲಕ್ಕೆ, ಗಡ್ಡ ತೆಳ್ಳಗಿದ್ದ ಕಡೆ ಸಣ್ಣ ಬ್ರಷ್ಷಿನಿಂದ ಒಂದೊಂದೇ ಕೂದಲು, ದವಡೆ ಕೆಳಗೆ ನೆರಳು, ಹುಬ್ಬಿನ ನಡುವೆ ಕಂಡೂ ಕಾಣದಂಥ ಗೆರೆ. ಅರ್ಧ ತಾಸಿನಲ್ಲಿ ಎಂಥ ಪುಕ್ಕಲನನ್ನೂ ಪೈಲ್ವಾನ ಮಾಡಿ ಕೊಡುತ್ತೇನೆ. ಹುಡುಗಿಗೆ ಧೈರ್ಯ ಉಂಟೋ ಇಲ್ಲವೋ ಅಂತ ಮಾತ್ರ ಇದುವರೆಗೆ ಯಾರೂ ಕೇಳಿಲ್ಲ.

ಮಧ್ಯಾಹ್ನ ಒಬ್ಬ ಹುಡುಗ ಬಂದ, ಜೊತೆಗೆ ತಾಯಿ ಮತ್ತು ಸೋದರಮಾವ. ಹುಡುಗ ನಿಜಕ್ಕೂ ಚಂದ. ಉದ್ದ ರೆಪ್ಪೆ, ಎಣ್ಣೆಗೆಂಪು ಬಣ್ಣ. ಎಡಗೆನ್ನೆ ತಿರುಗಿಸಿ ಕೂತರೆ ಎರಡನೇ ಲೈಟೇ ಬೇಡ. ಮಾವನಿಗೆ ಮಾತ್ರ ಸಮಾಧಾನವಿಲ್ಲ.

"ಮಾರಿ ಏನೋ ಚಂದ ಐತ್ರಿ, ಎದಿ ಇಲ್ಲ ನಮ್ಮ ಅಳಿಯಗ."

ಸಾಣಾಪುರದ ಕೆರೆಗೆ ಗೆಳೆಯರ ಜೊತೆ ಹೋಗಿದ್ದನಂತೆ. ಉಳಿದವರೆಲ್ಲ ಬಂಡೆಯ ಮೇಲಿಂದ ನೀರಿಗೆ ಜಿಗಿದು ರೀಲ್ಸ್ ಮಾಡಿಕೊಂಡರು, ಇವನು ಜಿಗಿಯಲಿಲ್ಲ. ಆ ವಿಡಿಯೋ ಈಗ ಬೀಗರಾಗಬೇಕಾದವರ ವಾಟ್ಸಾಪಿಗೂ ಹೋಗಿಬಿಟ್ಟಿದೆ.

"ಅವಂಗ ಈಜು ಬರಂಗಿಲ್ಲ, ನೀ ಸುಮ್ಮಕಿರಣ್ಣ," ಅಂದರು ತಾಯಿ.

"ಎಲ್ಲಾರ ಮೊಬೈಲು ನನ್ನ ಕೈಯಾಗ ಇದ್ವು ಮಾಮಾ. ನಾನೂ ಜಿಗಿದಿದ್ರ ಶೂಟ್ ಮಾಡೋರು ಯಾರು?"

ಮಾವ ವಿಡಿಯೋ ತೋರಿಸಿದರು. ಇಳಿಬಿಸಿಲು, ಕೆಂಪಗೆ ಕಾದ ಬಂಡೆ, ಗಾಳಿಯಲ್ಲಿ ಕೈ ಚಾಚಿದ ಒಬ್ಬ ಹುಡುಗ. ಚೌಕಟ್ಟು ಅಂದರೆ ಹಾಗಿರಬೇಕು, ತೆಗೆದವನ ಕೈ ಚೂರೂ ನಡುಗಿಲ್ಲ. ಹಿಂದಿನಿಂದ ಅವನ ದನಿ ಮಾತ್ರ ಕೇಳುತ್ತದೆ: "ಬ್ಯಾಡ್ರಲೇ, ಕೆಳಗ ಕಲ್ಲ ಅದಾವು." ಆ ಭಾಗದಲ್ಲಿ ನೀರುಪಾಲಾದವರ ಸುದ್ದಿ ನಮ್ಮ ಜಿಲ್ಲೆಯವರಿಗೆ ಹೊಸದಲ್ಲ. ಆದರೂ ಜಿಗಿಯುವವನು ಫೋಟೋಕ್ಕೆ ಬೀಳುತ್ತಾನೆ, ಬೇಡ ಅನ್ನುವವನು ಬೀಳುವುದಿಲ್ಲ. ಜನ ಧೈರ್ಯ ಅಂತ ಮೆಚ್ಚುವುದರಲ್ಲಿ ಅರ್ಧಕ್ಕರ್ಧ ನೋಡಲು ಚಂದ ಅನ್ನುವುದೇ ಇದೆ ಅಂತ ನನ್ನ ಗುಮಾನಿ.

ಸಾಣಾಪುರದ ಪಕ್ಕದಲ್ಲೇ ಆನೆಗೊಂದಿ, ನಮ್ಮ ಕಿಷ್ಕಿಂಧೆ. ಸುಗ್ರೀವನಷ್ಟು ಅಂಜಿದವರು ರಾಮಾಯಣದಲ್ಲಿ ಇನ್ನೊಬ್ಬರು ಸಿಗುವುದು ಕಷ್ಟ. ಅಣ್ಣನಿಗೆ ಹೆದರಿ ದಿಕ್ಕುದಿಕ್ಕಿಗೆ ಓಡಿದ. ಮತಂಗ ಮುನಿಯ ಶಾಪದಿಂದ ವಾಲಿ ಕಾಲಿಡಲಾಗದ ಋಷ್ಯಮೂಕದಲ್ಲಿ ಅಡಗಿ ಕೂತ. ದೂರದಲ್ಲಿ ಬಿಲ್ಲು ಹಿಡಿದ ಇಬ್ಬರು ಕಂಡರೆ, ಇವರೂ ವಾಲಿ ಕಳಿಸಿದವರೇ ಅಂತ ನಡುಗಿದ. ಕೊನೆಗೆ ಅಣ್ಣತಮ್ಮಂದಿರು ಕಾದಾಟಕ್ಕೆ ನಿಂತರೆ, ಯಾರು ಯಾರೆಂದು ರಾಮನಿಗೇ ಗುರುತು ಹತ್ತಲಿಲ್ಲ! ಮೈಕಟ್ಟು, ನಡಿಗೆ, ಮುಖ ಎಲ್ಲ ಒಂದೇ. ಬಾಣ ಬಿಡದೆ ನಿಂತ, ಸುಗ್ರೀವ ಒದೆ ತಿಂದು ವಾಪಸು ಓಡಿಬಂದ. ಎರಡನೇ ಸಲ ಲಕ್ಷ್ಮಣ ಗಜಪುಷ್ಪಿ ಬಳ್ಳಿ ಕಿತ್ತು ಅವನ ಕೊರಳಿಗೆ ಹಾಕಿ ಕಳಿಸಬೇಕಾಯಿತು. (ರಾಮ ಮರೆಯಲ್ಲಿ ನಿಂತು ಹೊಡೆದದ್ದು ಸರಿಯೇ ಅನ್ನುವ ವಾದ ನಮ್ಮ ಚಹಾದಂಗಡಿಗಳಲ್ಲಿ ಇನ್ನೂ ಮುಗಿದಿಲ್ಲ, ಅದು ಬೇರೆ ಮಾತು.) ಶೂರನ ಮುಖ ಯಾವುದು, ಅಂಜುಬುರುಕನದು ಯಾವುದು ಅಂತ ಅಂಥವನಿಗೇ ತಿಳಿಯದಿದ್ದ ಮೇಲೆ ನಾನು ದವಡೆಗೆ ನೆರಳು ಬಳಿದು ಏನು ತೋರಿಸಲಿ?

ಇನ್ನು ನಮ್ಮ ಕುಮ್ಮಟದುರ್ಗದ ಕುಮಾರರಾಮ. ಚೆಲುವೂ ಹೌದು, ಶೂರನೂ ಹೌದು, ಈ ಸೀಮೆಯ ಜನಕ್ಕೆ ಎರಡೂ ಒಬ್ಬನಲ್ಲೇ ಸಿಕ್ಕ ಗಂಡು. ಚೆಂಡು ತರಲು ಹೋದವನನ್ನು ಮಲತಾಯಿ ರತ್ನಾಜಿ ಮೋಹಿಸಿ ಹಿಡಿದಳು, ಕೊಸರಿಕೊಂಡು ಹೊರಗೆ ಓಡಿದ ಅಂತ ಕತೆ. ಓಡಿದ್ದಕ್ಕೆ ಯಾರೂ ಹೇಡಿ ಅನ್ನಲಿಲ್ಲ, 'ಪರನಾರಿ ಸಹೋದರ' ಅಂದರು. ಮುಂದೆ ದಿಲ್ಲಿಯ ದಂಡಿನ ಎದುರು ಕಾದಾಡಿ ಸತ್ತ. ಕಂಪಿಲಿ ರಾಜ್ಯ ಮುಳುಗಿದ್ದು 1327ರಲ್ಲಿ. ಏಳು ಶತಮಾನ ಕಳೆಯುತ್ತ ಬಂದರೂ ಅವನ ಹೆಸರು ಹೇಳುವಾಗ ನಮ್ಮವರು ಈಗಲೂ ಎದೆ ಸೆಟೆಸುತ್ತಾರೆ.

ದುಡ್ಡು ಕೊಟ್ಟು ಮೆಟ್ಟಿಲಿಳಿಯುವಾಗ ಮಾವ ಇನ್ನೊಮ್ಮೆ ಕುಟುಕಿದರು: "ಉತ್ತರನ ಪೌರುಷ ಒಲಿ ಮುಂದ." ನನಗೆ ಸರಿಬರಲಿಲ್ಲ. ಉತ್ತರಕುಮಾರ ಹೆಂಗಸರ ಮುಂದೆ ಕೊಚ್ಚಿಕೊಂಡವನು, ಈ ಹುಡುಗ ಒಂದು ಮಾತೂ ಕೊಚ್ಚಿಕೊಂಡಿಲ್ಲ. ಅಲ್ಲದೆ ದೊಡ್ಡಾಟದಲ್ಲಿ ಕೌರವರ ದಂಡು ಕಂಡು ರಥದಿಂದ ಹಾರಿ ಓಡುವ ಉತ್ತರನಿಗೆ ನಾವೆಲ್ಲ ಸಿಳ್ಳೆ ಹಾಕಿ ನಕ್ಕವರೇ. ಅದೇ ಉತ್ತರ ಕುರುಕ್ಷೇತ್ರದ ಮೊದಲ ದಿನವೇ ಆನೆ ಏರಿ ಶಲ್ಯನ ಮೇಲೆ ಬಿದ್ದ, ಅವನ ರಥದ ನಾಲ್ಕೂ ಕುದುರೆಗಳನ್ನು ತುಳಿಸಿ ಕೊಂದ, ಶಲ್ಯ ಎಸೆದ ಆಯುಧಕ್ಕೆ ಅಲ್ಲೇ ಸತ್ತ. ಆ ಪ್ರಸಂಗ ಆಡಿದ್ದನ್ನು ನಾನಂತೂ ನೋಡಿಲ್ಲ.

ಇದನ್ನು ಹುಡುಗನಿಗೆ ಹೇಳಬೇಕೆಂದು ಬಾಗಿಲಿಗೆ ಬರುವಷ್ಟರಲ್ಲಿ ಮಾವ ಬೈಕ್ ಚಾಲೂ ಮಾಡಿಯಾಗಿತ್ತು. ಬುಧವಾರ ಫೋಟೋ ಒಯ್ಯಲು ಬರುತ್ತಾರೆ.