ಮತಯಂತ್ರಕ್ಕೊಂದು ಚೀಟಿ ಪ್ರಿಂಟರ್: ನಾಲ್ಕನೇ ವಾರ

ಈ ವಾರ ಪ್ರಿಂಟರ್ ಕೊನೆಗೂ ಚೀಟಿ ಕತ್ತರಿಸಿ ಡಬ್ಬಿಗೆ ಬೀಳಿಸಿತು. ಹೊಸಬರಿಗೆ ಒಂದು ಮಾತು: ಇದು ಕಲಿಕೆಗೆ ಕಟ್ಟುತ್ತಿರುವ ಮಾದರಿ, ನಿಜವಾದ ಚುನಾವಣೆಗಲ್ಲ. ಗುಂಡಿ ಒತ್ತಿದವರು ತಮ್ಮ ವೋಟನ್ನು ಗಾಜಿನಾಚೆ ಕಾಗದದ ಮೇಲೆ ನೋಡಬೇಕು. ಮುಟ್ಟುವಂತಿಲ್ಲ, ಒಯ್ಯುವಂತಿಲ್ಲ.

ಇಲ್ಲಿಯವರೆಗೆ ಒಂದು ಕಾಟವಿತ್ತು: ಪ್ರಿಂಟ್ ಶುರುವಾದ ಕೂಡಲೇ ಯಂತ್ರವನ್ನು ನಡೆಸುವ ಬೋರ್ಡ್ ರೀಸೆಟ್ ಆಗುತ್ತಿತ್ತು. ಎರಡು ಸಂಜೆ ಸುಮ್ನೆ ಕೋಡ್ ಜಾಲಾಡಿದೆ. ಕಾಗದಕ್ಕೆ ಬಿಸಿ ತಾಗಿಸಿ ಅಚ್ಚುಹಾಕುವ ಥರ್ಮಲ್ ಹೆಡ್ ಬಿಸಿಯಾಗುವಾಗ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆದು ವೋಲ್ಟೇಜ್ ಕುಸಿಯುತ್ತಿತ್ತು, ಅಷ್ಟೇ. ಪ್ರಿಂಟರಿಗೆ ಬೇರೆ ಸಪ್ಲೈ ಕೊಟ್ಟೆ, ಗ್ರೌಂಡ್ ತಂತಿ ಮಾತ್ರ ಎರಡಕ್ಕೂ ಒಂದೇ. ಸರಿಹೋಯಿತು.

ಈ ಪ್ರಿಂಟರಿನಲ್ಲಿ ಕನ್ನಡ ಫಾಂಟ್ ಇಲ್ಲ. ಹೆಸರನ್ನು ಚಿತ್ರವಾಗಿಸಿ ಕಳಿಸುತ್ತಿದ್ದೇನೆ. 58 ಮಿಮೀ ರೋಲಿನಲ್ಲಿ ಅಚ್ಚಾಗುವುದು 48 ಮಿಮೀ, ಮಿಮೀಗೆ 8 ಚುಕ್ಕಿ, ಅಂದರೆ ಸಾಲಿಗೆ 384. ಮೊದಲ ಸಲ ‘ಶಾಸ್ತ್ರಿ’ ಎಂಬ ಹೆಸರಿನ ಒತ್ತಕ್ಷರಗಳ ಬುಡವೇ ಹಾರಿಹೋಗಿತ್ತು. ಸಾಲಿನ ಎತ್ತರವನ್ನು ಇಂಗ್ಲಿಷ್ ಅಕ್ಷರದ ಲೆಕ್ಕದಲ್ಲಿ ಇಟ್ಟಿದ್ದೆ!

ಈಗ ನಿಜವಾದ ತಲೆನೋವಿಗೆ ಬರೋಣ: ಗುಟ್ಟು. 2004ರಲ್ಲಿ ಅಮೆರಿಕದ ನೆವಾಡಾದಲ್ಲಿ ಬಳಸಿದ ಪ್ರಿಂಟರುಗಳಲ್ಲಿ ಕಾಗದ ಕತ್ತರಿಸದೆ ಇನ್ನೊಂದು ರೋಲಿಗೆ ಸುತ್ತಿಕೊಳ್ಳುತ್ತಿತ್ತು. ಕಟ್ಟುವುದು ಸುಲಭ, ಕಾಗದ ಸಿಕ್ಕಿಕೊಳ್ಳುವುದೂ ಕಡಿಮೆ. ಆದರೆ ವೋಟುಗಳು ಬಂದ ಸಾಲಿನಲ್ಲೇ ಉಳಿಯುತ್ತವೆ. ಬಾಗಿಲಲ್ಲಿ ಕುಳಿತು ಯಾರ ನಂತರ ಯಾರು ಹೋದರು ಎಂದು ಬರೆದುಕೊಂಡವರಿಗೆ ಆ ರೋಲ್ ಸಿಕ್ಕರೆ ಮುಗಿಯಿತು. ಹಾಗಾಗಿ ನನ್ನದು ಕತ್ತರಿಸುವ ಪ್ರಿಂಟರ್. ಬಿಲ್ ಪ್ರಿಂಟರುಗಳ ಕಟರ್ ಎಷ್ಟೋ ಸಲ ಒಂದು ಎಳೆ ಬಿಟ್ಟು ಕತ್ತರಿಸುತ್ತದೆ. ಇಲ್ಲಿ ಅದು ನಡೆಯದು, ಚೀಟಿ ತಾನೇ ಬೀಳಬೇಕು.

ಬಿದ್ದರೆ ಸಾಕೇ? ಪರೀಕ್ಷೆಗೆ 50 ಚೀಟಿಗಳಿಗೆ ನಂಬರ್ ಅಚ್ಚುಹಾಕಿ ಬೀಳಿಸಿದೆ. ಡಬ್ಬಿ ತೆರೆದರೆ 1ರಿಂದ 11 ಹಾಗೇ ಸಾಲಾಗಿ ಕೂತಿದ್ದವು. ರೋಲಿನ ಕಾಗದ ಸುರುಳಿಯಾಗಿ ಒಂದರ ಮಡಿಲಲ್ಲಿ ಒಂದು ಸೇರಿಕೊಂಡಿತ್ತು. ಡಬ್ಬಿ ಅಗಲ ಮಾಡಿ, ನಡುವೆ ಇಳಿಜಾರಿನ ತಗಡು ಇಟ್ಟೆ. ಈಗ ಪರವಾಗಿಲ್ಲ, ಆದರೂ ಎಣಿಸುವ ಮೊದಲು ಕೈಯಲ್ಲಿ ಕಲಸಲೇಬೇಕು. ಅಂದಹಾಗೆ, ಕೋಡಿನ ತಪ್ಪು ಹುಡುಕಲೆಂದು ಚೀಟಿಯ ಮೂಲೆಯಲ್ಲಿ ಗಂಟೆ-ನಿಮಿಷ ಅಚ್ಚಾಗುವಂತೆ ಮಾಡಿದ್ದೆ. ಕಲಸುವುದರ ಬಗ್ಗೆ ಇಷ್ಟೆಲ್ಲ ಯೋಚಿಸಿದವನಿಗೆ ಅದು ಕಂಡಿದ್ದು ನಿನ್ನೆ. ತೆಗೆದೆ.

ಈಗಿನ ಕ್ರಮ: ಅಚ್ಚು, ಭಾರತದ ವಿವಿಪ್ಯಾಟ್‌ನಂತೆ (ಮತಯಂತ್ರದ ಜೊತೆಗಿಡುವ ಚೀಟಿ ಪ್ರಿಂಟರ್) 7 ಸೆಕೆಂಡ್ ತೋರಿಸುವುದು, ಕತ್ತರಿ, ಬಿದ್ದದ್ದನ್ನು ಸೆನ್ಸರ್ ಕಂಡ ಮೇಲೆ ಮೆಮೊರಿಯಲ್ಲಿ ಒಂದು ವೋಟು. ಕತ್ತರಿಸಿದ ಮೇಲೆ, ಮೆಮೊರಿಗೆ ಸೇರುವ ಮೊದಲು ಕರೆಂಟ್ ಹೋದರೆ? ಕಾಗದದಲ್ಲಿ ವೋಟಿದೆ, ಮೆಮೊರಿಯಲ್ಲಿಲ್ಲ. ಕತ್ತರಿಸುವ ಮುಂಚೆ ‘ಬಾಕಿ ಇದೆ’ ಎಂದು ಗುರುತು ಬರೆದಿಡುವ ಕೋಡ್ ಅರ್ಧ ಆಗಿದೆ. ಮುಂದಿನ ವಾರ ಪ್ಲಗ್ ಕಿತ್ತು ಕಿತ್ತು ನೋಡುವ ಕೆಲಸ.