ಏಳು ಅನ್ನುವ ಹುಡುಗಿ, ಐದು ಅನ್ನುವ ದೊಡ್ಡವನು

ಸಾವನ್ನು ಮೊದಲ ಸಲ ಕಾಣುವ ಮಗುವಿನ ಮೇಲೆ ಪದ್ಯ ಬರೆಯಲು ಕೂತವರು ಎರಡನೇ ಸಾಲಿಗೇ ‘ಮುಗ್ಧ’ ಎಂದು ಬರೆದುಬಿಡುತ್ತಾರೆ. ಪದ್ಯ ಅಲ್ಲಿಗೇ ಅರ್ಧ ಸತ್ತಂತೆ. ತಾನು ಮುಗ್ಧ ಅಂತ ಯಾವ ಮಗುವಿಗೂ ಗೊತ್ತಿರುವುದಿಲ್ಲ. ಅದು ದೊಡ್ಡವರ ಮಾತು, ಕಳೆದುಕೊಂಡ ಮೇಲೆ ಇಟ್ಟ ಹೆಸರು.

ವರ್ಡ್ಸ್‌ವರ್ತ್ ಕವಿಯ ‘ವಿ ಆರ್ ಸೆವೆನ್’ (1798) ಕೂಡ ‘ಮುಗ್ಧ ಮಗು’ ಎಂದೇ ಶುರುವಾಗುತ್ತದೆ, ಆದರೆ ಆಮೇಲೆ ಆ ಬಲೆ ಬಿಟ್ಟು ಲೆಕ್ಕದಲ್ಲೇ ನಡೆಯುತ್ತದೆ. ಎಂಟು ವರ್ಷದ ಹುಡುಗಿಯನ್ನು ‘ಒಡಹುಟ್ಟಿದವರು ಎಷ್ಟು ಜನ’ ಎಂದು ಕೇಳಿದರೆ ‘ಏಳು’ ಅನ್ನುತ್ತಾಳೆ. ಇಬ್ಬರು ಬೇರೆ ಊರಲ್ಲಿ, ಇಬ್ಬರು ಸಮುದ್ರದ ಮೇಲೆ, ಇಬ್ಬರು ಮಣ್ಣಲ್ಲಿ, ಏಳನೆಯವಳು ತಾನು. ಹಾಗಾದರೆ ಐದೇ ತಾನೆ ಎಂದು ದೊಡ್ಡವನು ಕಳೆಯುತ್ತಾನೆ. ಅವಳ ಉತ್ತರ ನೋಡಿ: ಗೋರಿಗಳು ಮನೆ ಬಾಗಿಲಿನಿಂದ ಹನ್ನೆರಡು ಹೆಜ್ಜೆ, ಅಲ್ಲೇ ಕೂತು ಕಾಲುಚೀಲ ಹೆಣೆಯುತ್ತೇನೆ, ಸಂಜೆ ಊಟದ ಬಟ್ಟಲನ್ನೂ ಅಲ್ಲಿಗೇ ಒಯ್ಯುತ್ತೇನೆ. ಸಮುದ್ರಕ್ಕೆ ಹೋದವರು ಕಣ್ಣಿಗೇ ಬೀಳುವುದಿಲ್ಲ, ಸತ್ತವರು ಅಂಗಳದಾಚೆಯೇ ಇದ್ದಾರೆ. ಅವಳ ಗಣಿತದಲ್ಲಿ ತಪ್ಪೆಲ್ಲಿದೆ? ಕವಿತೆಯ ಪ್ರತಿ ಚರಣಕ್ಕೆ ನಾಲ್ಕು ಸಾಲು. ಕೊನೆಯದಕ್ಕೆ ಮಾತ್ರ ಐದು. ಆ ಹೆಚ್ಚಿನ ಸಾಲು ಅವಳ ಹಠಕ್ಕೆ ಸಂದದ್ದು ಅಂತ ನನ್ನ ಓದು.

ಬರೆಯುವ ಮುಂಚೆ ಮಗುವಿನ ವಯಸ್ಸು ಗಟ್ಟಿ ಮಾಡಿಕೊಳ್ಳಬೇಕು. ಐದರೊಳಗಿನ ಮಕ್ಕಳಿಗೆ ಸಾಮಾನ್ಯವಾಗಿ ಸತ್ತವರು ತಿರುಗಿ ಬರುವವರೇ: ‘ಅಜ್ಜ ನಾಳೆ ಬರ್ತಾನಾ?’ ಏಳರ ಹೊತ್ತಿಗೆ ಹೆಚ್ಚಿನವರಿಗೆ ಅದು ತಿರುಗದ ದಾರಿ, ಎಲ್ಲರ ದಾರಿ ಎಂದು ಹೊಳೆದಿರುತ್ತದೆ: ‘ಅಮ್ಮಾ, ನೀನೂ ಸಾಯ್ತೀಯಾ?’ ಮೊದಲನೇ ಪ್ರಶ್ನೆಯನ್ನು ಎಂಟರ ಹುಡುಗನ ಬಾಯಿಗೆ ಹಾಕಿದರೆ ಓದುಗ ನಂಬುವುದಿಲ್ಲ. ಹಾಗೆ ನೋಡಿದರೆ ಮೇಲಿನ ಹುಡುಗಿಗೂ ತಿಳಿದಿಲ್ಲ ಅಂತಲ್ಲ, ಒಪ್ಪುತ್ತಿಲ್ಲ.

ಇನ್ನೊಂದು ಎಡವಟ್ಟು, ಆರಿದ ದೀಪ, ಬಿದ್ದ ನಕ್ಷತ್ರ. ಮಗು ಸಾವನ್ನು ರೂಪಕದಲ್ಲಿ ಕಾಣುವುದಿಲ್ಲ, ನಾಳೆಯ ಅನಾನುಕೂಲದಲ್ಲಿ ಕಾಣುತ್ತದೆ. ‘ಗೋವಿನ ಹಾಡಿ’ನ ಕರು ಕೇಳುವುದೂ ಅದನ್ನೇ: ಯಾರ ಹಾಲು ಕುಡಿಯಲಿ, ಯಾರ ಪಕ್ಕ ಮಲಗಲಿ.

ಇಂಗ್ಲಿಷ್ ಕವಿ ಹಾಪ್ಕಿನ್ಸ್ 1880ರಲ್ಲಿ ಬರೆದ ‘ಸ್ಪ್ರಿಂಗ್ ಆ್ಯಂಡ್ ಫಾಲ್’ ದಾರಿ ಬೇರೆ. ಎಲೆ ಉದುರುವುದಕ್ಕೆ ಅಳುವ ಮಾರ್ಗರೆಟ್‌ಗೆ, ನೀನು ಅಳುತ್ತಿರುವುದು ನಿನಗಾಗಿಯೇ ಎಂದು ಹದಿನೈದನೇ ಸಾಲಲ್ಲಿ, ಅಂದರೆ ಕೊನೆಯಲ್ಲಿ, ಹೇಳುತ್ತಾನೆ. ಮೊದಲ ಸಾಲಲ್ಲಿ ಕರೆದ ಹೆಸರೇ ಅಲ್ಲಿ ಮರಳಿ ಬರುತ್ತದೆ, ಈ ಸಲ ಸಾಯುವವಳ ಹೆಸರಾಗಿ. ಇದನ್ನೇ ಐದನೇ ಸಾಲಿಗೆ ತಂದಿದ್ದರೆ ಉಳಿದ ಹತ್ತು ಉಪದೇಶವಾಗುತ್ತಿದ್ದವು.

ಕನ್ನಡದಲ್ಲಿ ಈ ಕೆಲಸಕ್ಕೆ ಕ್ರಿಯಾಪದದ ಬಾಲವೇ ಸಾಕು. ‘ಅಜ್ಜನಿಗೆ ಕಾಫಿ ಬಿಸಿ ಇರಬೇಕು’ ಎನ್ನುತ್ತಿದ್ದ ಹುಡುಗ ಒಂದು ದಿನ ತಾನಾಗಿ ‘ಇರಬೇಕಿತ್ತು’ ಅಂದರೆ ಮುಗಿಯಿತು, ಬೇರೇನೂ ಹೇಳಬೇಕಿಲ್ಲ. ಆದರೆ ಇದೇ ಬಾಲ ಅನುವಾದಕನ ಕಾಲಿಗೆ ತೊಡರುತ್ತದೆ. ‘ವಿ ಆರ್ ಸೆವೆನ್’ ಹುಡುಗಿಯ ಜಗಳವೆಲ್ಲ ಇದ್ದೇವೆಯೋ ಇದ್ದೆವೋ ಎಂಬುದರ ಮೇಲೆ; ನಾವೋ ‘ನಾವು ಏಳು ಜನ’ ಅಂದುಬಿಡುತ್ತೇವೆ, ಕ್ರಿಯಾಪದವೇ ಇಲ್ಲದೆ. ಅದರಲ್ಲಿ ನಿನ್ನೆಯೂ ಇಲ್ಲ, ಇವತ್ತೂ ಇಲ್ಲ. ಅವಳಿಗೆ ಕೇಳಿದ್ದರೆ ಇದನ್ನೇ ಆರಿಸಿಕೊಳ್ಳುತ್ತಿದ್ದಳೇನೋ.